ಕೇದಾರಕ್ಕೆ ಆಯಿ ಹೋಗಲಿ, ಮಕ್ಕಳು ಊಖೀಮಠದಲ್ಲಿ ಇರಲಿ

ಬಾಗಲಕೋಟೆ ನವನಗರದ ಓದುಗರೊಬ್ಬರ ಪತ್ರ: "ಮೇ ರಜೆಯಲ್ಲಿ ಕೇದಾರನಾಥನ ದರ್ಶನ ಆಗಬೇಕು ಅಂತ ನಮ್ಮ ಅತ್ತೆಯವರ ಆಸೆ. ನನಗೆ 6 ಮತ್ತು 9 ವರ್ಷದ ಇಬ್ಬರು ಮಕ್ಕಳು. ಹೆಲಿಕಾಪ್ಟರಿನಲ್ಲಿ ಕರ್ಕೊಂಡು ಹೋದರೆ ಆದೀತಾ? ಮನೆಯಲ್ಲಿ ಬಿಟ್ಟು ಹೋಗಲು ಆಯಿ ಒಪ್ಪಲ್ಲ, ಕರ್ಕೊಂಡು ಹೋದರೆ ನನಗೆ ನಿದ್ದೆ ಬರಲ್ಲ."

ಸಂಪಾದಕರ ಉತ್ತರ:

ಅಕ್ಕಾ, ಮಕ್ಕಳನ್ನು ಕರ್ಕೊಂಡು ಹೋಗಿ. ಆದರೆ ಕೇದಾರದವರೆಗೆ ಬೇಡ, ಅದರ ಕೆಳಗಿನ ಊರಾದ ಊಖೀಮಠದವರೆಗೆ ಸಾಕು.

ಬಾಗಲಕೋಟೆ ಇರುವುದು ಸುಮಾರು 530 ಮೀಟರ್ ಎತ್ತರದಲ್ಲಿ. ಕೇದಾರನಾಥ 3,583 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮೂರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ದೇಹ ಇದಕ್ಕೆ ಒಗ್ಗುತ್ತದೆ, ಆದರೆ ಒಗ್ಗಲು ದಿನಗಳು ಬೇಕು. ಹೆಲಿಕಾಪ್ಟರ್ ಕೆಲವೇ ನಿಮಿಷಗಳಲ್ಲಿ ಮೇಲೆ ಬಿಟ್ಟುಬಿಡುತ್ತದೆ. ಗೌರಿಕುಂಡದಿಂದ 16 ಕಿಲೋಮೀಟರ್ ಏರುವ ಕಾಲುನೋವು ತಪ್ಪುತ್ತದೆ, ತಲೆನೋವು ತಪ್ಪುವುದಿಲ್ಲ. ದೊಡ್ಡವರಾದರೆ ತಲೆ ಸಿಡಿಯುತ್ತಿದೆ ಎಂದು ಹೇಳುತ್ತಾರೆ. ಸಣ್ಣ ಕೂಸು ಸುಮ್ನೆ ಅಳುತ್ತದೆ, ಊಟ ಬೇಡ ಅನ್ನುತ್ತದೆ, ವಾಂತಿ ಮಾಡುತ್ತದೆ. ನಾವು ಅದನ್ನು ಹಟ ಅಂದುಕೊಂಡು ಗದರಿಸುತ್ತೇವೆ. ಇದಕ್ಕೆ ಮೊದಲ ಮದ್ದು ಕೆಳಗೆ ಇಳಿಯುವುದು. ಮೋಡ ಕವಿದು ಹೆಲಿಕಾಪ್ಟರ್ ನಿಂತರೆ ಅದೂ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಗದರಿಸಿದವನು ನಾನೇ. ಕೆಲವು ವರ್ಷಗಳ ಹಿಂದೆ ಹರಿದ್ವಾರದಿಂದ ಬದರಿಗೆ ಒಂದೇ ದಿನದಲ್ಲಿ ಹೋದೆವು, ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು. ದಾರಿಯುದ್ದಕ್ಕೂ ವಾಂತಿ. ಮರುದಿನ ಬೆಳಗ್ಗೆ ಸಾಲಿನಲ್ಲಿ ಎರಡು ತಾಸು ನಿಂತು ಒಳಗೆ ಹೋದಾಗ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಿ, 'ನೋಡು, ದೇವರನ್ನು ನೋಡು' ಅಂತ ಬೈದೆ. ಅವಳಿಗೆ ಇವತ್ತಿಗೂ ನೆನಪಿರುವುದು ತಪ್ತಕುಂಡದ ಬಿಸಿನೀರಿನ ಹಬೆ ಮತ್ತು ನನ್ನ ಬೈಗುಳ.

ಈಗ ಊಖೀಮಠದ ವಿಷಯ. ಎತ್ತರ ಸುಮಾರು 1,300 ಮೀಟರ್, ಮಕ್ಕಳು ಆರಾಮವಾಗಿ ಓಡಾಡಬಹುದು. ದೀಪಾವಳಿ ಪಾಡ್ಯದ ಮರುದಿನ ಕೇದಾರದ ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿ ಇಳಿದು ಬರುವುದು ಇಲ್ಲಿನ ಓಂಕಾರೇಶ್ವರ ಗುಡಿಗೆ. ಚಳಿಗಾಲದ ಪೂಜೆಯೆಲ್ಲ ಇಲ್ಲೇ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದೂ ಇದೇ ಊರಲ್ಲಿ. ಕೇದಾರದ ರಾವಲರು, ಅಂದರೆ ಗುಡಿಯ ಮುಖ್ಯ ಗುರುಗಳು, ಪರಂಪರೆಯಿಂದ ನಮ್ಮ ಕಡೆಯ ಜಂಗಮರು. ಅತ್ತೆಯವರಿಗೆ ಇದನ್ನು ಹೇಳಿ ನೋಡಿ, 'ಮಕ್ಕಳು ಅರ್ಧ ದಾರಿಯಲ್ಲಿ ಉಳಿದರು' ಎಂಬ ಬೇಸರ ಇರುವುದಿಲ್ಲ. ಅವರು ಮಗನ ಜೊತೆ ಮೇಲೆ ಹೋಗಿ ಬರಲಿ. ಹೊರಡುವ ಮೊದಲು ಬಿಪಿ, ಶುಗರ್ ತೋರಿಸಿಕೊಳ್ಳಲಿ. ಯಾತ್ರೆಯ ನೋಂದಣಿ ಕಡ್ಡಾಯ, ಮರೆಯಬೇಡಿ.

ನಿಮಗೆ ಆ ದಿನಗಳಲ್ಲಿ ಕೆಲಸ ಜಾಸ್ತಿಯೇ ಇದೆ. ಊಖೀಮಠದಲ್ಲಿ ಉಷೆಯ ಕಥೆ ಹೇಳಬೇಕು. ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬ ಹುಡುಗನನ್ನು ಕಂಡಳು, ಗೆಳತಿ ಚಿತ್ರಲೇಖೆ ಒಬ್ಬೊಬ್ಬರದೇ ಚಿತ್ರ ಬರೆದು 'ಇವನಾ, ಇವನಾ' ಅಂತ ಕೇಳಿದಳು. ಊರಿಗೆ ಹೆಸರು ಬಂದದ್ದೇ ಆ ಉಷೆಯಿಂದ ಅನ್ನುತ್ತಾರೆ. ಮಕ್ಕಳ ಕೈಗೆ ಪೆನ್ಸಿಲ್ ಕೊಡಿ, ಅವರೂ ಬರೆಯಲಿ. ಮಂದಾಕಿನಿಯ ಆಚೆ ದಡದಲ್ಲಿ ಗುಪ್ತಕಾಶಿ. ವಿಶ್ವನಾಥ ಗುಡಿಯ ಮುಂದಿನ ಕುಂಡಕ್ಕೆ ಎರಡು ಧಾರೆ ಬೀಳುತ್ತವೆ, ಒಂದು ಗಂಗೆ, ಒಂದು ಯಮುನೆ. ಯಾವುದರ ನೀರು ಹೆಚ್ಚು ತಣ್ಣಗಿದೆ ಎಂದು ಅವರೇ ಕೈಯಿಟ್ಟು ಹೇಳಲಿ. ಸೋನಪ್ರಯಾಗದ ಮೇಲಿರುವ ತ್ರಿಯುಗಿನಾರಾಯಣಕ್ಕೆ ಗಾಡಿ ಹೋಗುತ್ತದೆ. ಶಿವಪಾರ್ವತಿಯರ ಮದುವೆ ಆದದ್ದು ಇಲ್ಲೇ ಎಂದು ನಂಬಿಕೆ. ಆ ಮದುವೆಯ ಬೆಂಕಿ ಆರಿಲ್ಲ ಅನ್ನುತ್ತಾರೆ. ಬಂದವರು ಕಟ್ಟಿಗೆ ಹಾಕಿ, ಬೂದಿ ತಂದುಕೊಳ್ಳುತ್ತಾರೆ. ಮಕ್ಕಳಿಗೆ ಇಂಥ ಗುಡಿ ಬೇಕು ನೋಡಿ, ಮಾಡಲು ಏನಾದರೂ ಇರುವ ಗುಡಿ.

ದಾರಿಯ ಬಗ್ಗೆ ಒಂದೇ ಮಾತು. ಋಷಿಕೇಶದಿಂದ ಗುಪ್ತಕಾಶಿ ಸುಮಾರು 180 ಕಿಲೋಮೀಟರ್. ಹುಬ್ಬಳ್ಳಿ ರಸ್ತೆಯ ಲೆಕ್ಕ ಹಾಕಬೇಡಿ, ಎಲ್ಲ ತಿರುವು. ನಡುವೆ ಒಂದು ರಾತ್ರಿ ಇಳಿದುಕೊಳ್ಳಿ. ದೇವಪ್ರಯಾಗದಲ್ಲಿ ನಿಂತು ಅಲಕನಂದಾ, ಭಾಗೀರಥಿ ಕೂಡುವುದನ್ನು ತೋರಿಸಿ. ನಮ್ಮ ಕೂಡಲಸಂಗಮ ನೋಡಿದ ಮಕ್ಕಳಿಗೆ ವಿವರಿಸಿ ಹೇಳುವ ಅಗತ್ಯ ಇಲ್ಲ.

ಹೋಗುವ ಮೊದಲು ಒಂದು ಭಾನುವಾರ ಪಟ್ಟದಕಲ್ಲಿಗೆ ಹೋಗಿ ಗಳಗನಾಥ ಗುಡಿಯ ಬಾಗಿದ ಶಿಖರ ತೋರಿಸಿ. ಹಿಮಾಲಯದಲ್ಲಿ ಅಂಥದೇ ಶಿಖರ ಎಷ್ಟು ಸಿಗುತ್ತವೆ, ಎಣಿಸಿ ಅನ್ನಿ. ಹಿಮ ಬೀಳುವ ನಾಡಲ್ವಾ, ಅಲ್ಲಿ ಕೆಲವಕ್ಕೆ ನೆತ್ತಿಯ ಮೇಲೆ ಮರದ ಮಾಡು ಇರುತ್ತದೆ. ಅದನ್ನು ಮೊದಲೇ ಹೇಳಬೇಡಿ.

ಊಟಕ್ಕೆ ರೋಟಿ, ದಾಲ್, ಅನ್ನ ಎಲ್ಲ ಕಡೆ ಸಿಗುತ್ತದೆ. ಮೂರನೇ ದಿನ ಸಣ್ಣವನು ಖಡಕ್ ರೊಟ್ಟಿ ಕೇಳುತ್ತಾನೆ, ಶೇಂಗಾ ಹಿಂಡಿಯ ಜೊತೆ ಕಟ್ಟಿಕೊಳ್ಳಿ. ಕರದಂಟು ಎರಡು ಡಬ್ಬಿ ಇರಲಿ. ಒಂದು ಹುಬ್ಬಳ್ಳಿ ಸ್ಟೇಷನ್ನಿನಲ್ಲೇ ಮುಗಿದಿರುತ್ತದೆ.