ಪುಟ್ಟ ಮಿಡ್‌ಫೀಲ್ಡರಿಗೆ ಮಾದರಿ ಯಾರು?

12 ವರ್ಷದ ಮಗಳು ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವಳು), ತಂಡದಲ್ಲೇ ಕುಳ್ಳಿ, ಯಾರ ಆಟ ನೋಡಿ ಕಲಿಯಲಿ ಎಂದು ಕೇಳಿದ್ದೀರಿ. ಸ್ಪೇನಿನ ಐತಾನಾ ಬೊನ್ಮತಿ ಅವರದು, ಅನುಮಾನವೇ ಬೇಡ. 2023ರ ಮಹಿಳಾ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, ಟೂರ್ನಿಯ ಶ್ರೇಷ್ಠ ಆಟಗಾರ್ತಿಯೂ ಅವರೇ. ಅವರೂ ಎತ್ತರದವರಲ್ಲ.

ಗೋಲುಗಳ ತುಣುಕು ಬೇಡ, ಪೂರ್ತಿ ಪಂದ್ಯ ತೋರಿಸಿ. ಚೆಂಡನ್ನು ಬಿಟ್ಟು ಅವರ ತಲೆಯನ್ನೇ ಗಮನಿಸಲಿ: ಪಾಸ್ ಬರುವ ಮೊದಲೇ ಭುಜದಾಚೆ ನೋಡಿಕೊಂಡಿರುತ್ತಾರೆ.

ಅಭ್ಯಾಸಕ್ಕೆ, ನೀವು 8-10 ಮೀಟರ್ ದೂರದಿಂದ ಪಾಸ್ ಕೊಡಿ, ಅವಳ ಹಿಂದೆ ಇನ್ನೊಬ್ಬರು ಬೆರಳು ತೋರಿಸಲಿ. ಚೆಂಡು ಮುಟ್ಟುವ ಮೊದಲೇ ಎಷ್ಟು ಬೆರಳೆಂದು ಅವಳು ಹೇಳಬೇಕು. ಮಕ್ಕಳು ಎಡವುವುದು ಇಲ್ಲೇ, ಚೆಂಡು ಕಾಲಿಗೆ ಬಂದ ಮೇಲೆ ತಿರುಗುತ್ತಾರೆ. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾಳೆ. 10 ಪಾಸಿಗೊಮ್ಮೆ ಬಿಡುವು ಕೊಡಿ, ದಣಿದರೆ ನೋಟ ಮತ್ತೆ ಚೆಂಡಿಗೇ ಅಂಟಿಕೊಳ್ಳುತ್ತದೆ.