ತಾತನ ಪ್ಯಾರಾಚೂಟ್ ದಿನಗಳನ್ನು ವಿಡಿಯೋ ಮಾಡುವ ಮೊದಲು ಯಾವ ಪುಸ್ತಕ ಓದಬೇಕು?

ಯಾವುದೂ ಬೇಡ. ಮೊದಲು ಅವರ ಪಕ್ಕ ಹೋಗಿ ಕೂತ್ಕೊಳ್ಳಿ.

ನಿಮ್ಮ ತಾತ ಪ್ಯಾರಾಟ್ರೂಪರ್ ಆಗಿದ್ದವರು, ಎಂಬತ್ತು ದಾಟಿದೆ, ಇಲ್ಲೇ ಬೆಂಗಳೂರಿನಲ್ಲಿ ನಿಮ್ಮ ಜೊತೆಗಿದ್ದಾರೆ. 71ರ ಯುದ್ಧದ ನೆನಪುಗಳನ್ನು ವಿಡಿಯೋ ಮಾಡಬೇಕು, ಅವರು ತಪ್ಪು ಹೇಳಿದರೆ ತಿದ್ದೋಕೆ ಏನು ಓದಿಕೊಂಡಿರಬೇಕು ಅಂತ ಕೇಳಿದ್ದೀರಿ. ಆ ‘ತಿದ್ದೋಕೆ’ ಅನ್ನೋದನ್ನ ಓದಿ ನನಗೆ ಸುಮ್ನೆ ಇರೋಕಾಗಲಿಲ್ಲ.

ನಮ್ಮ ದೊಡ್ಡಪ್ಪ ಬೆಳಗಾವಿ ಕಡೆಯವರು. ಮರಾಠಾ ರೆಜಿಮೆಂಟಿನ ಸೆಂಟರ್ ಅಲ್ಲೇ ಇದೆ, ಹಾಗಾಗಿ ಸುತ್ತಲಿನ ಹಳ್ಳಿ ಹುಡುಗರು ಸೇನೆ ಸೇರೋದು ಹೊಸದೇನಲ್ಲ. ದೊಡ್ಡಪ್ಪ 2 ಪ್ಯಾರಾಗೆ, ಅಂದರೆ ಪ್ಯಾರಾಚೂಟ್ ರೆಜಿಮೆಂಟಿನ 2ನೇ ಬೆಟಾಲಿಯನ್‌ಗೆ ಹೋದರು. ಅದು ಮೊದಲು ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ ಆಗಿತ್ತು. ಆಗ್ರಾದ ಸ್ಕೂಲಿನಲ್ಲಿ ಐದು ಜಂಪ್ ಮುಗಿಸಿ ರೆಕ್ಕೆಯ ಬ್ಯಾಡ್ಜ್ ಪಡೆದರು. 1971ರ ಡಿಸೆಂಬರ್ 11ರ ಸಂಜೆ, ಆಗಿನ ಪೂರ್ವ ಪಾಕಿಸ್ತಾನದ ಟಾಂಗೈಲ್ ಹತ್ತಿರ ಧುಮುಕಿದವರಲ್ಲಿ ಅವರೂ ಒಬ್ಬರು. ಸುಮಾರು 700 ಜನ ಇಳಿದಿದ್ದರು. ಪೂಂಗ್ಲಿ ಸೇತುವೆ ಹಿಡಿದು, ಉತ್ತರದಿಂದ ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಬ್ರಿಗೇಡಿನ ದಾರಿ ಮುಚ್ಚೋದು ಕೆಲಸ. ಡಿಸೆಂಬರ್ 16ಕ್ಕೆ ಢಾಕಾ ಒಳಗೆ ಮೊದಲು ಕಾಲಿಟ್ಟ ಭಾರತೀಯ ಪಡೆಯೂ ಇದೇ 2 ಪ್ಯಾರಾ.

ನಿವೃತ್ತಿಯಾದ ಮೇಲೆ ಅವರು ಆರ್.ಟಿ. ನಗರದಲ್ಲಿ ಮಗನ ಮನೆಯಲ್ಲಿದ್ದರು. 1992ರಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ಟ್ರೇನಿಂಗ್ ಸೆಂಟರ್ ಆಗ್ರಾದಿಂದ ಬೆಂಗಳೂರಿಗೆ ಬಂದಿತ್ತಲ್ಲ, ಜೆ.ಸಿ. ನಗರದ ಕಡೆ ಮೆರೂನ್ ಟೋಪಿಯ ಹುಡುಗರು ಕಂಡರೆ ಆಟೋ ನಿಲ್ಲಿಸಿ ಮಾತಾಡಿಸೋರು. ಆದರೆ ಟಾಂಗೈಲ್ ವಿಷಯ ಮನೆಯಲ್ಲಿ ಎತ್ತುತ್ತಿರಲಿಲ್ಲ. ನಾನು ಮಾತ್ರ ಆ ಯುದ್ಧದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೆ. ನಿಮ್ಮ ಹಾಗೇ, ತಯಾರಿ ಇಲ್ಲದೆ ಕೇಳಬಾರದು ಅಂತ.

ಒಂದು ಭಾನುವಾರ ಊಟ ಆದ ಮೇಲೆ ತಾವಾಗಿಯೇ ಶುರು ಮಾಡಿದರು. ವಿಮಾನದೊಳಗೆ ಎದ್ದು ನಿಂತಿದ್ದಾರೆ, ಪ್ಯಾರಾಚೂಟಿನ ಪಟ್ಟಿಯ ಕೊಕ್ಕೆಯನ್ನು ತಲೆ ಮೇಲಿನ ತಂತಿಗೆ ಸಿಗಿಸಿದ್ದಾರೆ, ಕೆಂಪು ದೀಪ ಉರೀತಾ ಇದೆ. ಮುಂದೆ ನಿಂತವನ ಬೆನ್ನಿನ ಪ್ಯಾಕ್ ಸರಿ ಇದೆಯಾ ಅಂತ ಕೈಯಿಂದ ಮುಟ್ಟಿ ನೋಡಿ ಅವನ ಭುಜ ತಟ್ಟಬೇಕು. ದೊಡ್ಡಪ್ಪ ತಟ್ಟಿದರು, ಅವನು ತಿರುಗಿ ಏನೋ ಹೇಳಿದ. ಇದನ್ನು ಹೇಳ್ತಾ ಅವರ ಬಲಗೈ ನನ್ನ ಭುಜದ ಮೇಲೇ ಇತ್ತು. “ಆ ಎರಡು ಬಾಲದ ವಿಮಾನದ ಸದ್ದಲ್ಲಿ ಕೇಳಿಸಬೇಕಲ್ಲ...” ಅಂದರು. ನಾನು ಬಾಯಿ ಹಾಕಿದೆ. “ದೊಡ್ಡಪ್ಪ, ಅದು ಪ್ಯಾಕೆಟ್ ವಿಮಾನ ಅಲ್ಲ, ಆಂಟೊನೊವ್-12. ನಾನು ಓದಿದ್ದೀನಿ.”

ಕೈ ತೆಗೆದರು. “ಹಂಗಾದ್ರೆ ಅದೇ ಇರಬೇಕು. ಎಲ್ಲ ಬರೆದಿದ್ದಾರಲ್ಲ, ಓದ್ಕೋ” ಅಂದು ಎದ್ದು ಹೋದರು.

ನನ್ನ ತಪ್ಪು ಏನು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ನೀವು ಅದೇ ದಾರಿ ಹಿಡಿದಿದ್ದೀರಿ. ಮೊದಲನೆಯದಾಗಿ ನಾನು ಹೇಳಿದ್ದೇ ತಪ್ಪು. ಆವತ್ತು ಆಂಟೊನೊವ್-12 ಇತ್ತು ನಿಜ, ಆದರೆ ಪ್ಯಾಕೆಟ್, ಡಕೋಟಾ, ಕ್ಯಾರಿಬೂ ಕೂಡ ಇದ್ದವು. ನಾನು ಓದಿದ ಒಂದು ಲೇಖನದಲ್ಲಿ ಒಂದೇ ಹೆಸರಿತ್ತು, ಅಷ್ಟಕ್ಕೇ ಅದನ್ನ ಹಿಡ್ಕೊಂಡೆ. ಎರಡು ಬಾಲದ ವಿಮಾನ ಅಂದರೆ ಪ್ಯಾಕೆಟ್ಟೇ, ಬೇರೆ ಯಾವುದೂ ಅಲ್ಲ. ಅದರಿಂದ ಹಾರಿದ ಮನುಷ್ಯನಿಗೆ ಗೊತ್ತಿರಲ್ವಾ? ಇನ್ನು ಅವರು ಹೇಳಿದ್ದು ತಪ್ಪೇ ಆಗಿತ್ತು ಅಂತಿಟ್ಕೊಳ್ಳಿ, ಆಗಲೂ ಏನಾಗ್ತಿತ್ತು? ವಿಮಾನದ ಹೆಸರು ಯಾವತ್ತು ಬೇಕಾದರೂ ಸಿಗುತ್ತೆ. ಮುಂದೆ ನಿಂತವನು ತಿರುಗಿ ಹೇಳಿದ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ ಎಷ್ಟು ಸಲ ಕೇಳಿದರೂ ಮಾತು ಮಳೆ, ಪೆನ್ಶನ್ ಕಡೆ ತಿರುಗುತ್ತಿತ್ತು. ಅವರು ಈಗಿಲ್ಲ.

ಬರೆದಿದ್ದನ್ನೇ ನಂಬೋರಿಗೆ ಇನ್ನೊಂದು ವಿಷಯ. ಟಾಂಗೈಲ್ ಇಳಿತದ್ದು ಅಂತ ಆಗ ಜಗತ್ತಿನ ಪತ್ರಿಕೆಗಳಲ್ಲಿ ಬಂದ ಫೋಟೋ ಟಾಂಗೈಲಿನದ್ದೇ ಅಲ್ಲ. ಆಗ್ರಾದಲ್ಲಿ ಮುಂಚೆ ನಡೆದ ದೊಡ್ಡ ಅಭ್ಯಾಸದ್ದು. ಒಂದು ಬೆಟಾಲಿಯನ್ ಇಳಿದಿದ್ದರೆ, ಫೋಟೋ ನೋಡಿದವರಿಗೆ ಹಲವು ಬೆಟಾಲಿಯನ್ ಸೇರಿದ ಇಡೀ ಬ್ರಿಗೇಡ್ ಇಳಿದ ಹಾಗೆ ಕಾಣ್ತು. ಇಷ್ಟು ಪ್ರಸಿದ್ಧವಾದ ದಾಖಲೆಯೇ ಹೀಗಿರುವಾಗ, ಅದನ್ನ ಇಟ್ಕೊಂಡು ತಾತನನ್ನ ತಿದ್ದೋಕೆ ಹೋಗಬೇಡಿ.

ಇಸವಿ, ಯೂನಿಟ್ ನಂಬರ್ ಕೇಳಿದರೆ ಪರೀಕ್ಷೆ ಥರ ಆಗುತ್ತೆ. ಬೂಟು ಹೇಗಿತ್ತು, ಹಾರುವ ಮುಂಚೆ ಏನು ತಿಂದಿದ್ರಿ, ಪಕ್ಕದವನು ಯಾವ ಊರಿನವನು, ನೆಲ ಮುಟ್ಟಿದಾಗ ಮೊದಲು ಯಾರು ಸಿಕ್ಕಿದರು ಅಂತ ಕೇಳಿ. ಟಾಂಗೈಲಿನಲ್ಲಿ ಚೆಲ್ಲಾಪಿಲ್ಲಿ ಬಿದ್ದ ಸಾಮಾನು ಹೊತ್ತು ತಂದುಕೊಟ್ಟಿದ್ದು ಅಲ್ಲಿನ ಹಳ್ಳಿ ಜನ. ನಿಮ್ಮ ತಾತ ಅಲ್ಲಿದ್ದರೆ ಆ ಜನರ ಮುಖ ನೆನಪಿರುತ್ತೆ. “ನಾವು ಹಾರಲೇ ಇಲ್ಲ” ಅಂದರೂ ನಿರಾಸೆ ಬೇಡ. 88ರ ನವೆಂಬರ್ 3ರ ರಾತ್ರಿ ಆಗ್ರಾದಿಂದ ಇಲ್ಯೂಷಿನ್-76 ವಿಮಾನಗಳಲ್ಲಿ ದಂಗೆ ಅಡಗಿಸೋಕೆ ಮಾಲ್ಡೀವ್ಸ್‌ಗೆ ಹೋದ ಪ್ಯಾರಾ ಪಡೆಯವರೂ ಹಾರಲಿಲ್ಲ. ಹುಲ್‌ಹುಲೆ ರನ್‌ವೇ ಮೇಲೇ ಇಳಿದರು. ಅಲ್ಲಿನ ಸರ್ಕಾರ ಉಳಿಯಿತು.

ಮಾತೇ ಹೊರಡದಿದ್ದರೆ ಹಳೇ ಏರ್‌ಪೋರ್ಟ್ ರೋಡಿನ ಎಚ್‌ಎಎಲ್ ಮ್ಯೂಸಿಯಮ್‌ಗೆ ಕರ್ಕೊಂಡು ಹೋಗಿ. ಅಲ್ಲಿ ಮಾರುತ್, ಕಿರಣ್ ನಿಂತಿವೆ. ಎರಡನೇ ಮಹಾಯುದ್ಧದಲ್ಲಿ ಡಕೋಟಾಗಳು ರಿಪೇರಿಗೆ ಬರ್ತಾ ಇದ್ದಿದ್ದು ಇದೇ ಎಚ್‌ಎಎಲ್‌ಗೆ. ಹಳೇ ವಿಮಾನದ ಪಕ್ಕ ನಿಂತರೆ ಮಾತು ತಾನಾಗಿ ಬರಬಹುದು. ಬಿಸಿಲು ಏರುವ ಮುಂಚೆ ಹೋಗಿ, ಕೂರೋಕೆ ಮಡಚುವ ಕುರ್ಚಿ ಬಿಡುತ್ತಾರಾ ಅಂತ ಫೋನ್ ಮಾಡಿ ಕೇಳಿ.

ಮೊದಲ ದಿನ ಕ್ಯಾಮೆರಾ ಬೇಡ, ಫೋನಿನಲ್ಲಿ ಧ್ವನಿ ಸಾಕು. ಅದೂ ಅವರಿಗೆ ಹೇಳಿಯೇ. ಪುಸ್ತಕ ಓದಲೇಬೇಕು ಅನ್ನಿಸಿದರೆ ಅವರು ಪೂರ್ತಿ ಹೇಳಿ ಮುಗಿಸಿದ ಮೇಲೆ ಓದಿ. ಈ ವಾರವೇ ಶುರು ಮಾಡಿ.