ಸದ್ದಿಗೆ ಸುಣ್ಣ ಬಳಿಯಬಾರದೇ?

ಹೋದ ಸಂಚಿಕೆಯ ಮಕ್ಕಳ ಪುಟದಲ್ಲಿ ‘ಮದ್ದೂರಿನ ಮುದ್ದಣ್ಣ, ಸದ್ದಿಗೆ ಬಳಿದನು ಸುಣ್ಣ’ ಎಂಬ ಪದ್ಯ ಅಚ್ಚಾಗಿತ್ತು. ಮದ್ದೂರಿನ ನಿವೃತ್ತ ಅಧ್ಯಾಪಕರೊಬ್ಬರು ಸಿಟ್ಟಾಗಿ ಬರೆದಿದ್ದಾರೆ: ಸದ್ದಿಗೆ ಸುಣ್ಣ ಬಳಿಯುವುದು ಹೇಗೆ? ಇದು ಕವಿ ಮುದ್ದಣನ ಅಪಹಾಸ್ಯವೇ? ಮಕ್ಕಳಿಗೆ ಇದರಿಂದ ಯಾವ ನೀತಿ?

ಮೇಷ್ಟ್ರೇ, ಅಸಂಬದ್ಧ ಪದ್ಯದ ನೆಪದಲ್ಲಿ ಛಂದಸ್ಸು ಬಾರದವರೆಲ್ಲ ಒಳಗೆ ನುಗ್ಗುತ್ತಾರೆ ಎಂಬ ತಮ್ಮ ಭಯ ನ್ಯಾಯವಾದದ್ದೇ. ನಮ್ಮ ಮೇಜಿನ ಮೇಲೂ ಅಂಥವು ರಾಶಿ ಬಿದ್ದಿವೆ. ಅಷ್ಟು ಒಪ್ಪಿದೆ, ಇನ್ನು ಜಗಳಕ್ಕೆ ಬರೋಣ.

ಅವನು ಮದ್ದೂರಿನವನು, ಅದಕ್ಕೇ ಮುದ್ದಣ್ಣ. ಮಳವಳ್ಳಿಯವನಾಗಿದ್ದರೆ ಬೆಳ್ಳಿ ಎಂದು ಹೆಸರಿಟ್ಟುಕೊಂಡು ಕಳ್ಳಿಗಿಡಕ್ಕೆ ಲಾಲಿ ಹಾಡುತ್ತಿದ್ದ. 1846ರಲ್ಲಿ ಇಂಗ್ಲಿಷ್ ಕವಿ ಎಡ್ವರ್ಡ್ ಲಿಯರ್ ಹೊರತಂದ ಅಸಂಬದ್ಧ ಪದ್ಯಗಳ ಪುಸ್ತಕದ ಮುದುಕರ ಪಾಡೂ ಇದೇ: ಊರಿನ ಹೆಸರು ಪ್ರಾಸವನ್ನು ಎಳೆದು ತರುತ್ತದೆ, ಪ್ರಾಸ ಮುದುಕನ ಹಣೆಬರಹ ಬರೆಯುತ್ತದೆ. ಕವಿಯ ಚಿಂತೆ ಬಿಡಿ. ನಂದಳಿಕೆಯ ಲಕ್ಷ್ಮೀನಾರಣಪ್ಪನವರೇ ಸ್ವಂತ ಹೆಸರನ್ನು ಮರೆಸಿ ‘ಮುದ್ದಣ’ನ ಹಿಂದೆ ಕುಳಿತವರು.

ಆಲಿಸಳ ಕಥೆಗಳನ್ನು ಬರೆದ ಲೂಯಿಸ್ ಕ್ಯಾರಲ್ ಕೂಡ ಮೇಷ್ಟ್ರೇ, ಆಕ್ಸ್‌ಫರ್ಡ್‌ನಲ್ಲಿ ಗಣಿತ ಹೇಳುತ್ತಿದ್ದವನು. 1871ರ ಅವನ ಕಥೆಯಲ್ಲಿ ಗೋಡೆಯ ಮೇಲೆ ಕೂತ ಮೊಟ್ಟೆ, ಹಂಪ್ಟಿ ಡಂಪ್ಟಿ, ಆಲಿಸಳ ಹೆಸರಿಗೆ ಅರ್ಥವೇನೆಂದು ಗದರಿಸುತ್ತದೆ. ಹೆಸರಿಗೆ ಅರ್ಥ ಇರಲೇಬೇಕೇ ಎನ್ನುತ್ತಾಳೆ ಹುಡುಗಿ. ಇರಲೇಬೇಕು, ನನ್ನ ಹೆಸರಿನ ಅರ್ಥ ನನ್ನ ಆಕಾರ ಎಂದು ಮೊಟ್ಟೆ ಬೀಗುತ್ತದೆ. ತಾವು ಹುಡುಗಿಯನ್ನು ಬಿಟ್ಟು ಮೊಟ್ಟೆಯ ಪಕ್ಷ ಸೇರಿದಿರಲ್ಲ!

ನಮ್ಮಲ್ಲೇನು ಕಡಿಮೆ? ಕೈಲಾಸಂ ಅವರ ಕೋಳೀಕೆ ರಂಗ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುತ್ತಾನೆ. ಅದರಿಂದ ಲೋಕಕ್ಕೆ ತಿಳಿದದ್ದು ಸೊನ್ನೆ, ಕೇಳಿದವರಿಗೆ ಸಿಕ್ಕ ಸುಖ ಮಾತ್ರ ಭರ್ತಿ. ‘ಅವಲಕ್ಕಿ ಪವಲಕ್ಕಿ ಕಾಂಚಣ ಮಿಣ ಮಿಣ’ ಎಂದು ತಾವೂ ಬಾಲ್ಯದಲ್ಲಿ ಎಣಿಸಿರುತ್ತೀರಿ. ಆಗ ಪವಲಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಕೇಳಿದ್ದಿರಾ? ಬಂಗಾಳದಲ್ಲಿ 1923ರಿಂದ ಸುಕುಮಾರ್ ರಾಯ್ ಅವರ ಅಸಂಬದ್ಧ ಪದ್ಯಗಳ ಪುಸ್ತಕ ‘ಆಬೋಲ್ ತಾಬೋಲ್’ ಓದಿಕೊಂಡೇ ಮಕ್ಕಳು ಬೆಳೆದಿದ್ದಾರೆ. ಯಾರೂ ಬುದ್ಧಿಗೆಟ್ಟ ಸುದ್ದಿ ಬಂದಿಲ್ಲ.

ಅಲ್ಲಮನ ಒಗಟಿನಂಥ ಬೆಡಗಿನ ವಚನಗಳಿಗೆ ಅರ್ಥ ಬಿಡಿಸಿ ಟೀಕೆ ಬರೆದ ನಾಡು ನಮ್ಮದು. ಆ ವಚನಗಳಿಗೆ ಅದು ತಕ್ಕದ್ದೇ. ಆದರೆ ತಿಳಿಯದ್ದರೊಳಗೆಲ್ಲ ಗುಟ್ಟೊಂದು ಅಡಗಿರಲೇಬೇಕು ಎಂಬ ಚಟ ಅಂಟಿಬಿಟ್ಟಿತು. ಈಗ ಗೈಡು ಹಿಡಿದ ಮಗು ಪದ್ಯವನ್ನು ಬಾಯಿಬಿಟ್ಟು ಓದುವ ಮೊದಲೇ ಸಾರಾಂಶ ಬರೆಯುತ್ತದೆ. ತೊಟ್ಟಿಲ ಕೂಸಿಗೆ ಹೆಸರಿಡಲೂ ಮೊಬೈಲಿನಲ್ಲಿ ಅರ್ಥ ಹುಡುಕಬೇಕು. ಗುಂಡ, ಪುಟ್ಟಿ ಎಂದು ಬಾಯಿಗೆ ಬಂದದ್ದನ್ನು ಕರೆದು ಮುದ್ದಿಸುವವರೇ ಕಡಿಮೆಯಾದರು. ಇತ್ತೀಚೆಗೆ ಮೈಸೂರಿನ ಶಾಲೆಯೊಂದರ ಪದ್ಯವಾಚನ ಸ್ಪರ್ಧೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ‘ಅವಲಕ್ಕಿ ಪವಲಕ್ಕಿ’ ಹೇಳಿ ಸಭೆಯನ್ನೇ ನಗಿಸಿದಳು. ಸಂದೇಶವಿಲ್ಲವೆಂದು ತೀರ್ಪುಗಾರರು ಅಂಕ ಕತ್ತರಿಸಿದರು. ಬಹುಮಾನ ಸ್ವಚ್ಛತೆಯ ಪದ್ಯಕ್ಕೆ ಹೋಯಿತು. ಅದರ ಎರಡನೆಯ ಸಾಲಿನಲ್ಲೇ ಪ್ರಾಸ ಕೆಟ್ಟಿತ್ತು, ಮೇಷ್ಟ್ರೇ.

- ಸಂ.